"ಸಣ್ಣ ಆಗಿದ್ದೀಯ" ಅನ್ನೋದು ಹೊಗಳಿಕೆ ಅಲ್ಲ

1/8

"ಅಕ್ಕಾ, ಎಥ್ನಿಕ್ ಡೇಗೆ ಇನ್ನು ಹತ್ತೇ ದಿನ ಇರೋದು. ಐದು ಕೆಜಿ ಇಳಿಸ್ಬೇಕು. ಫಸ್ಟ್ ಇಯರಲ್ಲಿ ನೀವು ಇಳಿಸಿದ್ರಂತಲ್ಲ, ಹೇಗೆ ಅಂತ ಹೇಳಿ ಪ್ಲೀಸ್."

ಮೊನ್ನೆ ರಾತ್ರಿ ಜೂನಿಯರ್ ಒಬ್ಬಳು ಕಳಿಸಿದ ಮೆಸೇಜ್ ಇದು. ಹೆಸರು ಹೇಳಲ್ಲ. ಉತ್ತರ ಟೈಪ್ ಮಾಡ್ತಾ ಮಾಡ್ತಾ ಉದ್ದ ಆಗೋಯ್ತು. ಇದು ಅವಳೊಬ್ಬಳಿಗೆ ಅಲ್ಲ, ನಮ್ಮ ಕ್ಲಾಸಿಗೆ, ನಮ್ಮ ಹಾಸ್ಟೆಲಿಗೆ, ನನಗೂ ಬೇಕಾದ ಉತ್ತರ ಅನ್ನಿಸ್ತು. ಅದಕ್ಕೇ ಇಲ್ಲಿ ಹಾಕ್ತಿದ್ದೀನಿ. ಎಂಟು ಭಾಗ ಇದೆ. ಒಪ್ಪಿಗೆ ಆಗ್ದಿದ್ರೆ ಕಾಮೆಂಟಲ್ಲಿ ಜಗಳಕ್ಕೆ ಬನ್ನಿ, ಆದ್ರೆ ಪೂರ್ತಿ ಓದ್ಕೊಂಡು ಬನ್ನಿ.

ಹೌದು, ನಾನು ಇಳಿಸಿದ್ದೆ. ಫೋನಲ್ಲಿ ನೋಡಿದ 21 ದಿನದ ಚಾಲೆಂಜ್. ಒಂದು ಮುಗಿದ ಮೇಲೆ ಇನ್ನೊಂದು, ಹಾಗೇ ನಾಲ್ಕು ತಿಂಗಳು. ಮೆಸ್ಸಲ್ಲಿ ತಟ್ಟೆ ಮುಂದೆ ಕೂತು "ಹೊಟ್ಟೆ ತುಂಬಿದೆ ಕಣೇ" ಅಂತ ದಿನಾ ಸುಳ್ಳು. ಆಗ ಏನಾಯ್ತು ಗೊತ್ತಾ? ಎಲ್ರೂ ಹೊಗಳಿದ್ರು. "ಎಷ್ಟು ಸಣ್ಣ ಆಗಿದ್ದೀಯೇ, ಸೂಪರ್!" ಮದುವೆ ಮನೆಯಲ್ಲಿ ಚಿಕ್ಕಮ್ಮ ಗಲ್ಲ ಹಿಡಿದು "ಈಗ ನೋಡು, ಲಕ್ಷಣವಾಗಿ ಕಾಣ್ತೀಯ" ಅಂದ್ರು.

ಯಾರಿಗೂ ಕಾಣದೇ ಇದ್ದದ್ದು ಹೇಳ್ತೀನಿ. ಬಾಚಣಿಗೆ ತುಂಬ ಕೂದಲು. ಮೂರು ತಿಂಗಳು ಪೀರಿಯಡ್ಸ್ ಇಲ್ಲ. ಮೇ ತಿಂಗಳ ಸೆಕೆಯಲ್ಲೂ ಕೈಕಾಲು ತಣ್ಣಗೆ. ಕೊನೆಗೆ ಪ್ರಾಕ್ಟಿಕಲ್ ಎಕ್ಸಾಮ್ ದಿನ ಕಣ್ಣು ಕತ್ತಲೆ ಬಂದು ಲ್ಯಾಬಲ್ಲೇ ಬಿದ್ದೆ. ಮೊದಲೇ ಕಮ್ಮಿ ಇದ್ದ ಹಿಮೋಗ್ಲೋಬಿನ್ ಇನ್ನೂ ಕೆಳಗೆ ಇಳಿದಿತ್ತು.

ನನ್ನ ದೇಹ ಅತಿ ಹೆಚ್ಚು ಕಷ್ಟಪಟ್ಟ ದಿನಗಳಲ್ಲೇ ನನಗೆ ಅತಿ ಹೆಚ್ಚು ಹೊಗಳಿಕೆ ಸಿಕ್ಕಿದ್ದು. ಇವತ್ತಿನ ನನ್ನ ಜಗಳ ಇದರ ಮೇಲೆ.

2/8

ಮೊದಲು ಆ ಹತ್ತು ದಿನ, ಐದು ಕೆಜಿ ಲೆಕ್ಕ ಮುಗಿಸೋಣ. ಎಸ್ಸೆಸ್ಸೆಲ್ಸಿ ಗುಣಾಕಾರ, ಭಾಗಾಕಾರ ಬಂದ್ರೆ ಸಾಕು.

ದೇಹದ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತೆ. ಐದು ಕೆಜಿ ಅಂದ್ರೆ 38,500. ಹತ್ತು ದಿನಕ್ಕೆ ಭಾಗಿಸಿ: ದಿನಕ್ಕೆ 3,850.

ಈಗ ಐಸಿಎಂಆರ್ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕ ನೋಡಿ. ಹೆಚ್ಚು ಓಡಾಟ ಇಲ್ಲದ, 55 ಕೆಜಿ ತೂಕದ ಹೆಂಗಸಿಗೆ ದಿನಕ್ಕೆ ಬೇಕಾಗಿರೋದು 1,660 ಕ್ಯಾಲೊರಿ. 65 ಕೆಜಿ ಗಂಡಸಿಗೆ 2,110. ಅಂದ್ರೆ ಅಂಥ ಒಬ್ಬಳು ಹತ್ತು ದಿನ ಬರೀ ಗಾಳಿ ಕುಡ್ಕೊಂಡು ಇದ್ರೂ (ದಯವಿಟ್ಟು ಬೇಡ) ಆ ಲೆಕ್ಕಕ್ಕೆ ಕರಗೋ ಕೊಬ್ಬು ಎರಡು ಕೆಜಿ ಚಿಲ್ಲರೆ. ಐದು ಎಲ್ಲಿಂದ ಬರುತ್ತೆ?

ಆದ್ರೂ ಮಷೀನ್ ಮೇಲೆ ನಿಂತ್ರೆ ಮೊದಲ ವಾರದಲ್ಲೇ ಎರಡು ಕೆಜಿ ಇಳಿದಿರುತ್ತೆ. ನನಗೂ ಇಳಿದಿತ್ತು, ಕುಣಿದಾಡಿದ್ದೆ. ಅದು ನೀರು ಕಣ್ರಪ್ಪಾ. ನಮ್ಮ ಲಿವರಲ್ಲಿ, ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನೋ ರೂಪದಲ್ಲಿ ಅರ್ಧ ಕೆಜಿಯಷ್ಟು ಸಕ್ಕರೆ ದಾಸ್ತಾನು ಇರುತ್ತೆ. ಅದರ ಒಂದೊಂದು ಗ್ರಾಮೂ ಸುಮಾರು ಮೂರು ಗ್ರಾಮ್ ನೀರನ್ನ ಹಿಡ್ಕೊಂಡಿರುತ್ತೆ. ಅನ್ನ, ಮುದ್ದೆ, ಚಪಾತಿ ಎಲ್ಲಾ ಒಟ್ಟಿಗೆ ಬಿಟ್ರೆ ಈ ದಾಸ್ತಾನು ಖಾಲಿ ಆಗುತ್ತೆ, ಜೊತೆಗೆ ನೀರೂ ಹೋಗುತ್ತೆ. ಹನ್ನೊಂದನೇ ದಿನ ಎರಡು ಹೊತ್ತು ಸರಿಯಾಗಿ ಉಂಡ್ರೆ ಅದೂ ವಾಪಸ್, ನೀರೂ ವಾಪಸ್.

"ಹತ್ತು ದಿನದಲ್ಲಿ ಐದು ಕೆಜಿ" ಅಂತ ರೀಲ್ಸ್ ಮಾಡೋರು ನಿಮಗೆ ಮಾರ್ತಿರೋದು ಆ ನೀರಿನ ಲೆಕ್ಕ. ಹನ್ನೊಂದನೇ ದಿನದ ರೀಲ್ ಯಾರೂ ಹಾಕಲ್ಲ.

3/8

ರೈಲ್ವೆ ಸ್ಟೇಷನ್ನಲ್ಲಿ ಇರ್ತಿದ್ದ ಬಣ್ಣದ ಲೈಟಿನ ತೂಕದ ಮಷೀನ್ ನೆನಪಿದ್ಯಾ? ಕಾಯಿನ್ ಹಾಕಿದ್ರೆ ಒಂದು ಚಿಕ್ಕ ಟಿಕೆಟ್ ಬರ್ತಿತ್ತು. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ. ಚಿಕ್ಕವಳಿದ್ದಾಗ ನನಗೆ ಭವಿಷ್ಯ ಓದೋದೇ ಖುಷಿ, ತೂಕ ಯಾರಿಗೆ ಬೇಕಿತ್ತು!

ಈಗ ನಮ್ಮ ಹಾಸ್ಟೆಲ್ ರೂಮಲ್ಲಿರೋ ಗಾಜಿನ ಮಷೀನ್ ತೂಕನೇ ಭವಿಷ್ಯ ಮಾಡ್ಕೊಂಡಿದೆ. ಬೆಳಿಗ್ಗೆ ಎದ್ದ ತಕ್ಷಣ ಅದರ ಮೇಲೆ ನಿಲ್ಲೋದು. ಮುನ್ನೂರು ಗ್ರಾಮ್ ಇಳಿದಿದ್ರೆ ಆ ದಿನ ಒಳ್ಳೇದು. ಆರುನೂರು ಏರಿದ್ರೆ ತಿಂಡಿ ಬೇಡ, ಯಾರ ಜೊತೆಗೂ ಮಾತು ಬೇಡ.

ಸ್ವಲ್ಪ ಯೋಚನೆ ಮಾಡಿ. ಒಂದು ಲೀಟರ್ ನೀರು ಕುಡಿದ್ರೆ ತಕ್ಷಣ ಒಂದು ಕೆಜಿ ಏರುತ್ತೆ. ರಾತ್ರಿ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ ಜಾಸ್ತಿ ಆಗಿದ್ರೆ ದೇಹ ನೀರು ಹಿಡಿದಿಡುತ್ತೆ. ಪೀರಿಯಡ್ಸಿಗೆ ಮುಂಚೆ ಎಷ್ಟೋ ಜನಕ್ಕೆ ಮೈ ಊದ್ಕೊಂಡ ಹಾಗೆ ಆಗುತ್ತೆ, ತೂಕ ಏರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ಹೊಸದಾಗಿ ವ್ಯಾಯಾಮ ಶುರು ಮಾಡಿ ಮೈಕೈ ನೋವಿದ್ರೆ ಆಗಲೂ ಸ್ನಾಯು ನೀರು ಹಿಡ್ಕೊಳ್ಳುತ್ತೆ. ಬೆಳಿಗ್ಗೆಯಿಂದ ರಾತ್ರಿಗೆ ಒಂದು ಕೆಜಿ, ಎರಡು ಕೆಜಿ ಆಚೆ ಈಚೆ ಆಗೋದು ಮಾಮೂಲಿ. ಇದರಲ್ಲಿ ನಿಮ್ಮ ತಪ್ಪೇನಿದೆ?

ಮಷೀನ್ ಸುಳ್ಳು ಹೇಳಲ್ಲ. ನಾವು ಕೇಳದ ಪ್ರಶ್ನೆಗೆ ಉತ್ತರ ಕೊಡುತ್ತೆ, ಅಷ್ಟೇ. ನಾವು ಕೇಳ್ತಿರೋದು "ನನ್ನ ಕೊಬ್ಬು ಕಮ್ಮಿ ಆಯ್ತಾ, ಶಕ್ತಿ ಬಂತಾ" ಅಂತ. ಅದು ಹೇಳ್ತಿರೋದು ಮೂಳೆ, ರಕ್ತ, ನೀರು, ನಿನ್ನೆಯ ಸಾಂಬಾರು ಎಲ್ಲಾ ಸೇರಿಸಿ ಒಟ್ಟು ಎಷ್ಟು ಅಂತ.

ಇನ್ನು ಆ ಬಿಫೋರ್-ಆಫ್ಟರ್ ಫೋಟೋ. ಒಂದೇ ದಿನ, ಹತ್ತೇ ನಿಮಿಷದಲ್ಲಿ ನಾನು ಎರಡೂ ತೆಗೆದು ತೋರಿಸ್ತೀನಿ. ಮೊದಲನೆಯದಕ್ಕೆ ಟ್ಯೂಬ್‌ಲೈಟ್ ಕೆಳಗೆ ಹೊಟ್ಟೆ ಬಿಟ್ಟು, ಹೆಗಲು ಇಳಿಬಿಟ್ಟು, ಮುಖ ಸಪ್ಪೆ ಮಾಡ್ಕೊಂಡು ನಿಲ್ಲೋದು. ಎರಡನೆಯದಕ್ಕೆ ಕಿಟಕಿ ಬೆಳಕಿಗೆ ಓರೆಯಾಗಿ ಉಸಿರು ಹಿಡಿದು ನಗೋದು. ಆಯ್ತು ಟ್ರಾನ್ಸ್‌ಫಾರ್ಮೇಷನ್!

4/8

"ಹಾಗಾದ್ರೆ ತೂಕ ಇಳಿಸೋದೇ ತಪ್ಪಾ? ಎಲ್ಲಾ ಹೇಗಿದ್ರೆ ಹಾಗೇ ಚೆನ್ನ ಅಂತೀಯಾ?"

ಇಲ್ಲ. ಖಂಡಿತ ಇಲ್ಲ. ನಮ್ಮಪ್ಪನಿಗೆ ನಲವತ್ತು ತುಂಬೋ ಮುಂಚೆ ಶುಗರ್ ಬಂತು. ನಿಮ್ಮಲ್ಲೂ ಎಷ್ಟೋ ಜನರ ಮನೇಲಿ ಇದೇ ಕಥೆ. ಹೊಟ್ಟೆ ಸುತ್ತ ಸೇರೋ ಕೊಬ್ಬು ತಮಾಷೆ ವಿಷಯ ಅಲ್ಲ. ಬಿಎಂಐ 23 ದಾಟಿದ್ರೇ ಭಾರತೀಯರು ಎಚ್ಚರ ಆಗ್ಬೇಕು ಅಂತ ಡಾಕ್ಟರ್‌ಗಳು ಹೇಳೋದು ಅದಕ್ಕೇ. ಯುರೋಪಿನವರಿಗೆ ಆ ಗೆರೆ 25.

ಆದ್ರೆ ಆ ಬಿಎಂಐ ಕೂಡ ಒಂದು ಅಂದಾಜು ಅಷ್ಟೇ. ಆ ಸೂತ್ರ ಮಾಡಿದ್ದು ವೈದ್ಯರಲ್ಲ, 1830ರ ದಶಕದಲ್ಲಿ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ ಅನ್ನೋ ಗಣಿತಜ್ಞ. ಅವರಿಗೆ ಬೇಕಿದ್ದದ್ದು "ಸರಾಸರಿ ಮನುಷ್ಯ" ಹೇಗಿರ್ತಾನೆ ಅನ್ನೋ ಲೆಕ್ಕ. ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಅಂತ ಹೆಸರಿಟ್ಟಿದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಮತ್ತು ಅವರ ಜೊತೆಗಾರರು.

ನನಗೆ ಭಾರಿ ಇಷ್ಟವಾದ ಒಂದು ಫೋಟೋ ಇದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಪುಣೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಡಾಕ್ಟರ್ ಜಾನ್ ಯುಡ್ಕಿನ್, ಇಬ್ಬರೂ ಪಕ್ಕಪಕ್ಕ ನಿಂತಿದ್ದಾರೆ. ಇಬ್ಬರದೂ ಬಿಎಂಐ 22.3, ಒಂದೇ. ಆದ್ರೆ ದೇಹದಲ್ಲಿರೋ ಕೊಬ್ಬು? ಯುಡ್ಕಿನ್ ಅವರದು 9.1 ಶೇಕಡ, ಯಾಜ್ಞಿಕ್ ಅವರದು 21.2 ಶೇಕಡ. ಎರಡು ಪಟ್ಟಿಗಿಂತ ಹೆಚ್ಚು!

ಅಂದ್ರೆ ನಂಬರ್ ಒಂದೇ ಇದ್ರೂ ಒಳಗಿನ ಕಥೆ ಬೇರೆ. ತೆಳ್ಳಗೆ ಕಾಣೋನಿಗೂ ಶುಗರ್ ಬರಬಹುದು, ದುಂಡಗಿರೋಳು ಗಟ್ಟಿಮುಟ್ಟಾಗಿ ಇರಬಹುದು. ಇನ್ನೊಂದು ಮಾತು: ದೊಡ್ಡವರ ಬಿಎಂಐ ಗೆರೆಗಳು 18 ತುಂಬದವರಿಗೆ ಅಲ್ಲ. ಪಿಯುಸಿ ಮಕ್ಕಳೇ, ನೀವಿನ್ನೂ ಬೆಳೀತಿದ್ದೀರ. ನಿಮಗೆ ವಯಸ್ಸಿಗೆ ತಕ್ಕ ಚಾರ್ಟ್ ಬೇರೆ ಇದೆ, ಅದನ್ನ ಡಾಕ್ಟರ್ ನೋಡಿ ಹೇಳ್ಬೇಕು, ರೀಲ್ಸ್ ಮಾಡೋ ಅಣ್ಣ ಅಲ್ಲ.

5/8

ಈಗ ಅದೇ ಆನ್ಸೆಲ್ ಕೀಸ್ ಮಾಡಿದ ಇನ್ನೊಂದು ಕೆಲಸ ಕೇಳಿ. "ಮನಸ್ಸು ಗಟ್ಟಿ ಇಲ್ಲ, ಅದಕ್ಕೇ ನಿನ್ನ ಕೈಲಿ ಆಗ್ತಿಲ್ಲ" ಅನ್ನೋರಿಗೆಲ್ಲ ಇದನ್ನ ಫಾರ್ವರ್ಡ್ ಮಾಡಿ.

1944ರಲ್ಲಿ, ಎರಡನೇ ಮಹಾಯುದ್ಧದ ಸಮಯ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಜನ ಆರೋಗ್ಯವಂತ ಯುವಕರು ತಾವಾಗೇ ಮುಂದೆ ಬಂದು ಒಂದು ಪ್ರಯೋಗಕ್ಕೆ ಸೇರಿದ್ರು. ಬರಗಾಲದಲ್ಲಿ ಹಸಿದ ದೇಹಕ್ಕೆ ಏನಾಗುತ್ತೆ, ಅಂಥವರನ್ನ ಮತ್ತೆ ಚೇತರಿಸೋದು ಹೇಗೆ ಅಂತ ತಿಳಿಯೋಕೆ. 24 ವಾರ ಅವರಿಗೆ ಮೊದಲು ತಿನ್ನುತ್ತಿದ್ದರ ಸುಮಾರು ಅರ್ಧದಷ್ಟೇ ಊಟ. ಜೊತೆಗೆ ನಡಿಗೆ, ಕೆಲಸ.

ತೂಕವೇನೋ ಕಾಲು ಭಾಗ ಇಳೀತು. ಆದ್ರೆ ಇಡೀ ದಿನ ಊಟದ್ದೇ ಯೋಚನೆ. ಅಡುಗೆ ಪುಸ್ತಕ ತಂದು ಕಥೆ ಪುಸ್ತಕದ ಹಾಗೆ ಓದೋರು. ತಟ್ಟೆ ನೆಕ್ಕೋರು. ಸಣ್ಣದಕ್ಕೆಲ್ಲ ಸಿಡಿಮಿಡಿ. ಸದಾ ಚಳಿ. ಸ್ನೇಹಿತರು ಬೇಡ, ಓದು ಬೇಡ, ಬರೀ ಮಂಕು. ಇವರು ಸೋಮಾರಿಗಳಲ್ಲ. ಮನಸ್ಸು ಗಟ್ಟಿ ಇದ್ದೋರೇ.

ಇದನ್ನ ಓದಿದಾಗ ನನಗೆ ಅಳು ಬಂತು. ಯಾಕಂದ್ರೆ ರಾತ್ರಿ ಹನ್ನೊಂದು ಗಂಟೆಗೆ ಬೆಡ್‌ಶೀಟ್ ಒಳಗೆ ಫೋನ್ ಹಿಡ್ಕೊಂಡು ಬಿರಿಯಾನಿ ವಿಡಿಯೋ ಮೇಲೆ ಬಿರಿಯಾನಿ ವಿಡಿಯೋ ನೋಡ್ತಾ ಇದ್ದೋಳು ನಾನೇ. ನನಗೆ ಏನೋ ರೋಗ, ನಾಲಿಗೆ ಚಪಲ, ನಾನು ಕೆಟ್ಟೋಳು ಅಂದ್ಕೊಂಡಿದ್ದೆ. ಅದು ಚಪಲ ಅಲ್ಲ. ಹಸಿದ ದೇಹ "ನನ್ನ ಉಳಿಸು" ಅಂತ ಕೂಗೋ ರೀತಿ ಅದು.

ನನ್ನ ಚಾಲೆಂಜುಗಳು ಮುಗಿದ ಮೇಲೆ ಕಳ್ಕೊಂಡ ಆರು ಕೆಜಿಗೆ ಎರಡು ಸೇರಿಸಿ ಎಂಟು ವಾಪಸ್ ಬಂತು. ಆಗ ಚಿಕ್ಕಮ್ಮ ಏನಂದ್ರು ಹೇಳ್ಬೇಕಾ? "ಅಯ್ಯೋ, ಮತ್ತೆ ದಪ್ಪ ಆಗ್ಬಿಟ್ಯಲ್ಲೇ."

ಹೊಗಳಿಕೆ ಇದ್ದ ಬಾಯಲ್ಲೇ ಬೈಗುಳವೂ ಇತ್ತು. ಎರಡೂ ಒಂದೇ ನಾಣ್ಯದ ಎರಡು ಮುಖ.

6/8

ಸರಿ, ಮತ್ತೆ ಏನು ನೋಡ್ಬೇಕು? ಬದಲಾವಣೆ ಗೊತ್ತಾಗದೆ ಹುಮ್ಮಸ್ಸು ಉಳಿಯಲ್ಲ, ಅದು ನಿಜ. ಅದಕ್ಕೇ ನಾನು ಹೇಳೋದು: ದೇಹಕ್ಕೆ ಪೊಲೀಸ್ ಕಾವಲು ಹಾಕಬೇಡಿ, ದೇಹವನ್ನ ಗಮನಿಸಿ. ಇವೆರಡೂ ಬೇರೆ ಬೇರೆ.

ಎರಡನೇ ಸಲ ಶುರು ಮಾಡಿದಾಗ ನಾನು ನೋಡಿದ್ದು ಇವು.

ಮೆಟ್ಟಿಲು. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ನಂದಿ ತಲುಪೋಕೆ ಸುಮಾರು 700. ಮೊದಲ ಭಾನುವಾರ ಹನ್ನೊಂದು ಸಲ ಕೂತೆ, ನನ್ನ ಪಕ್ಕದಲ್ಲಿ ಒಬ್ಬರು ಅಜ್ಜಿ ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ನನ್ನನ್ನ ದಾಟಿ ಹೋದ್ರು! ಆರು ತಿಂಗಳಾದ ಮೇಲೆ ಎರಡೇ ಸಲ ಕೂತೆ, ಅದರಲ್ಲೂ ಒಂದು ಸಲ ಫೋಟೋ ತೆಗೆಯೋಕೆ.

ಬಟ್ಟೆ. ಟೈಲರ್ ಆಂಟಿ ಹತ್ರ ಇರೋ ಟೇಪು ತಗೊಳ್ಳಿ. ತಿಂಗಳಿಗೆ ಒಂದೇ ಸಲ ಸೊಂಟದ ಸುತ್ತಳತೆ. ಎತ್ತರದ ಅರ್ಧಕ್ಕಿಂತ ಕಮ್ಮಿ ಇದ್ರೆ ಒಳ್ಳೇದು. ನಮ್ಮ ದೇಶದ ವಯಸ್ಕರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದ್ರೆ ಡಾಕ್ಟರ್ ಹತ್ರ ಮಾತಾಡಿ. ಹುಡುಗ್ರೇ, ನಿಮಗೆ ಟೇಪೂ ಬೇಡ, ಉಡುದಾರ ಇದ್ಯಲ್ಲ! ಅದು ಸಡಿಲ ಆದ್ರೆ ಗೊತ್ತಾಗೇ ಗೊತ್ತಾಗುತ್ತೆ. ತೂಕ ಹಾಗೇ ಇದ್ದು ಸೊಂಟ ಇಳಿಯೋದೂ ಉಂಟು. ಸ್ನಾಯು ಕೊಬ್ಬಿಗಿಂತ ಸಾಂದ್ರ, ಅಷ್ಟೇ ತೂಕಕ್ಕೆ ಕಮ್ಮಿ ಜಾಗ ಹಿಡಿಯುತ್ತೆ.

ನಾಡಿ. ಬೆಳಿಗ್ಗೆ ಎದ್ದು ಹಾಸಿಗೆಯಲ್ಲೇ ಒಂದು ನಿಮಿಷ ಎಣಿಸಿ. ದಿನಾ ನಡೆಯೋರಿಗೆ ತಿಂಗಳುಗಳು ಕಳೆದ ಹಾಗೆ ಅದು ನಿಧಾನಕ್ಕೆ ಇಳಿಯುತ್ತೆ. ನನಗೆ 84 ಇದ್ದದ್ದು 72ಕ್ಕೆ ಬಂತು.

ಭಾರ. ನೀರಿನ 20 ಲೀಟರ್ ಕ್ಯಾನ್ ಎತ್ತೋಕೆ ಮೊದಲು ಇಬ್ಬರು ಬೇಕಿತ್ತು. ಈಗ ಒಬ್ಬಳೇ.

ನಿದ್ದೆ, ಪೀರಿಯಡ್ಸ್, ಕೂದಲು, ಮೂಡು. ಇವು ಸರಿ ಇದ್ದು ತೂಕ ನಿಧಾನಕ್ಕೆ ಇಳೀತಿದ್ರೆ ದಾರಿ ಸರಿ ಇದೆ. ಇವು ಕೆಟ್ಟು ತೂಕ ಇಳೀತಿದ್ರೆ ಅದು ಗೆಲುವಲ್ಲ, ಎಚ್ಚರಿಕೆ. ಆಗ ಡಯಟ್ ನಿಲ್ಲಿಸಿ, ಡಾಕ್ಟರ್‌ನ ನೋಡಿ.

7/8

"ಮೋಟಿವೇಷನ್ ಮೂರೇ ದಿನ ಇರುತ್ತೆ, ಏನ್ಮಾಡ್ಲಿ?" ತುಂಬಾ ಜನ ಕೇಳಿದ್ದೀರ.

ಅವಮಾನದಿಂದ ಹುಟ್ಟಿದ ಹುಮ್ಮಸ್ಸಿಗೆ ಮೂರು ದಿನವೇ ಆಯಸ್ಸು. ಯಾರೋ "ಡುಮ್ಮಿ" ಅಂದ್ರು ಅಂತ ಸಿಟ್ಟಿಗೆ ಓಡೋಕೆ ಶುರು ಮಾಡಿದ್ರೆ ಸಿಟ್ಟು ಇಳಿದ ದಿನ ಓಟ ನಿಲ್ಲುತ್ತೆ. ನಮ್ಮನ್ನ ನಾವೇ ದ್ವೇಷ ಮಾಡ್ಕೊಂಡು ನಮ್ಮ ದೇಹವನ್ನ ಎಷ್ಟು ದಿನ ಚೆನ್ನಾಗಿ ನೋಡ್ಕೊಳ್ಳೋಕೆ ಆಗುತ್ತೆ ಹೇಳಿ?

ನನಗೆ ಕೆಲಸ ಮಾಡಿದ್ದು ಹೇಳ್ತೀನಿ. ನಿಮಗೆ ಒಗ್ಗದಿದ್ರೆ ಬಿಡಿ.

ಒಂದು ನೂರು ಪುಟದ ನೋಟ್‌ಬುಕ್. ಭಾನುವಾರ ನಾಲ್ಕೇ ಸಾಲು: ಈ ವಾರ ಎಷ್ಟು ದಿನ ನಡೆದೆ, ಹೇಗೆ ನಿದ್ದೆ ಬಂತು, ಯಾವ ಕೆಲಸ ಸಲೀಸಾಯ್ತು, ಯಾವುದು ಕಷ್ಟ ಆಯ್ತು. ಕೆಜಿಗೆ ಅಲ್ಲಿ ಜಾಗ ಇಲ್ಲ.

ಒಂದು ದಿನ ತಪ್ಪಿದ್ರೆ ತಪ್ಪಲಿ, ಎರಡು ದಿನ ಸೇರಿ ತಪ್ಪಬಾರದು. ಮಳೆ ಬಂದ್ರೆ ಕುಕ್ಕರಹಳ್ಳಿ ಕೆರೆ ಬೇಡ, ಹಾಸ್ಟೆಲ್ ಕಾರಿಡಾರಲ್ಲೇ ಹತ್ತು ನಿಮಿಷ.

ಊಟ ಬಿಡೋದಲ್ಲ, ಸೇರಿಸೋದು. ಬೆಳಿಗ್ಗೆ ಬರೀ ಚಿತ್ರಾನ್ನ ಇದ್ರೆ ಜೊತೆಗೆ ಒಂದು ಮೊಟ್ಟೆ ಅಥವಾ ಒಂದು ಬಟ್ಟಲು ಕಡ್ಲೆಕಾಳು ಉಸ್ಲಿ. ಊರಿಗೆ ಹೋದ್ರೆ ಹುರುಳಿಕಾಳು ಬಸ್ಸಾರು, ಸೊಪ್ಪು ಜಾಸ್ತಿ, ಮುದ್ದೆ ಹದವಾಗಿ. ಹೊಟ್ಟೆ ತುಂಬಿದೋಳಿಗೆ ನಾಲ್ಕು ಗಂಟೆಗೆ ಬೇಕರಿ ಪಫ್ ಅಷ್ಟಾಗಿ ಕರೆಯಲ್ಲ.

ಯುಗಾದಿಗೆ ಹೋಳಿಗೆ ತಿನ್ನಿ. ತುಪ್ಪ ಹಾಕ್ಕೊಂಡೇ ತಿನ್ನಿ. ಅಮ್ಮ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೂರಣ ರುಬ್ಬಿರ್ತಾಳೆ. ಮಾರನೇ ದಿನ ಏರಿದ ತೂಕದಲ್ಲಿ ಹೆಚ್ಚಿನದು ನೀರು ಮತ್ತು ಹೊಟ್ಟೆಯಲ್ಲಿರೋ ಊಟ, ಗಾಬರಿ ಬೇಡ.

ಮತ್ತೆ ಒಂದು ದಿನ ತೂಕ ನಿಂತೇ ನಿಲ್ಲುತ್ತೆ. ಮೈ ಹಗುರ ಆದ ಹಾಗೆ ದೇಹಕ್ಕೆ ಬೇಕಾಗೋ ಶಕ್ತಿನೂ ಕಮ್ಮಿ ಆಗುತ್ತೆ, ಇಳಿಯೋ ವೇಗ ಕಮ್ಮಿ ಆಗುತ್ತೆ. ಅದು ಸೋಲಲ್ಲ. ಎಲ್ರಿಗೂ ಆಗೋದೇ. ಬೆಟ್ಟ ಹತ್ತುವಾಗ ನಂದಿ ಹತ್ರ ಸ್ವಲ್ಪ ಸಮ ಜಾಗ ಸಿಗುತ್ತಲ್ಲ, ಹಾಗೆ.

8/8

ಕೊನೆಗೆ ನಮ್ಮೆಲ್ಲರ ಬಾಯಿ ಬಗ್ಗೆ.

ನಮ್ಮ ಕ್ಲಾಸ್ ಗ್ರೂಪಲ್ಲಿ ಒಬ್ಬ ಹುಡುಗನ ನಂಬರ್ "ಗುಂಡ" ಅಂತಲೇ ಸೇವ್ ಆಗಿದೆ. ಅವನು ನಗ್ತಾನೆ. ನಗದೆ ಇನ್ನೇನು ಮಾಡ್ತಾನೆ? ಗ್ರೂಪ್ ಫೋಟೋದಲ್ಲಿ ಅವನು ಯಾವಾಗಲೂ ಹಿಂದಿನ ಸಾಲಲ್ಲಿ ಯಾಕೆ ನಿಲ್ತಾನೆ ಅಂತ ಯಾರಾದ್ರೂ ನೋಡಿದ್ದೀರಾ? ಕಡ್ಡಿ ಅಂತ ಕರೆಸ್ಕೊಳ್ಳೋ ಹುಡುಗಿಗೂ ಅದೇ ಹಿಂಸೆ.

"ಹೊಗಳಿದ್ರೂ ತಪ್ಪಾ?" ಅಂತೀರ. ಹೌದು, ಯಾರದೋ ದೇಹ ಸಣ್ಣ ಆದದ್ದಕ್ಕೆ ಹೊಗಳೋದು ತಪ್ಪೇ ಅಂತೀನಿ. ಅವಳು ಯಾಕೆ ಸಣ್ಣ ಆದ್ಲು ಅಂತ ನಿಮಗೆ ಗೊತ್ತಿಲ್ಲ. ಜ್ವರ ಇರಬಹುದು, ಮನೆಯಲ್ಲಿ ಕಷ್ಟ ಇರಬಹುದು, ನನ್ನ ಥರ ಊಟ ಬಿಟ್ಟಿರಬಹುದು. "ಸೂಪರ್" ಅಂದ ತಕ್ಷಣ ಅವಳಿಗೆ ಕೇಳಿಸೋದು "ಇದನ್ನೇ ಮುಂದುವರಿಸು" ಅಂತ. ನನಗೆ ಹಾಗೇ ಕೇಳಿಸಿತ್ತು. "ಚೆನ್ನಾಗಿದ್ದೀಯ ತಾನೇ? ಊಟ ಆಯ್ತಾ?" ಅಂತ ಕೇಳಿ ಸಾಕು. ನಮ್ಮೂರಲ್ಲಿ ಎಲ್ರೂ ಮೊದಲು ಕೇಳ್ತಿದ್ದದ್ದೇ ಅದನ್ನ.

ಊಟ ಬಿಡೋದು ಚಟ ಆಗಿದ್ರೆ, ತಿಂದು ವಾಂತಿ ಮಾಡ್ತಿದ್ರೆ, ಕನ್ನಡಿ ನೋಡಿದ್ರೇ ಅಳು ಬಂದ್ರೆ, ಒಬ್ಬರೇ ಹೊತ್ಕೋಬೇಡಿ. ಮನೆಯಲ್ಲಿ ಯಾರಿಗಾದ್ರೂ ಹೇಳಿ, ಡಾಕ್ಟರಿಗೆ ಹೇಳಿ. ಯಾರೂ ಇಲ್ಲ ಅನ್ನಿಸಿದ್ರೆ 14416, ಟೆಲಿ-ಮಾನಸ್. ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡ್ತಾರೆ.

ಇನ್ನು ಮೆಸೇಜ್ ಹಾಕಿದ ತಂಗಿಗೆ. ಹತ್ತು ದಿನದಲ್ಲಿ ಐದು ಕೆಜಿ ಇಳಿಸೋದು ನನಗೆ ಗೊತ್ತಿಲ್ಲ ಕಣಮ್ಮಾ, ಗೊತ್ತಿದ್ರೂ ಹೇಳ್ತಿರಲಿಲ್ಲ. ಬ್ಲೌಸ್ ಬಿಗಿ ಆಗ್ತಿದ್ಯಾ? ಒಳಗೆ ಎರಡೂ ಕಡೆ ಮಾರ್ಜಿನ್ ಬಿಟ್ಟಿರ್ತಾರೆ. ಟೈಲರ್ ಹತ್ರ ಕೊಟ್ರೆ ಸಂಜೆಯೊಳಗೆ ಬಿಚ್ಚಿ ಹೊಲಿದು ಕೊಡ್ತಾರೆ. ಬಟ್ಟೆ ಇರೋದು ನಿನ್ನ ಅಳತೆಗೆ ಬರೋಕೆ. ಎಥ್ನಿಕ್ ಡೇ ದಿನ ತಿಂಡಿ ತಿಂದ್ಕೊಂಡು ಬಾ, ಫೋಟೋಗೆ ಮುಂದಿನ ಸಾಲಲ್ಲಿ ನಿಂತ್ಕೋ. ಅದು ಮುಗಿದ ಭಾನುವಾರ ಬೆಳಿಗ್ಗೆ ಆರಕ್ಕೆ ಬೆಟ್ಟದ ಪಾದದ ಹತ್ರ ಸಿಗು. ಹನ್ನೊಂದು ಸಲ ಕೂತ್ರೂ ಪರವಾಗಿಲ್ಲ, ನಾನೂ ಜೊತೇಲಿ ಕೂರ್ತೀನಿ.

ಉಳಿದೋರೆಲ್ಲ ಕಾಮೆಂಟಲ್ಲಿ ಒಂದೇ ಒಂದು ಸಾಲು ಬರೀರಿ: ಮೂರು ತಿಂಗಳ ಹಿಂದೆ ಆಗದೇ ಇದ್ದ ಯಾವ ಕೆಲಸ ಈಗ ನಿಮ್ಮ ದೇಹಕ್ಕೆ ಆಗುತ್ತೆ? ಕೆಜಿ ಬರೆದ್ರೆ ಡಿಲೀಟ್ ಮಾಡ್ತೀನಿ, ಮೊದಲೇ ಹೇಳಿದ್ದೀನಿ.

#ಊಟಆಯ್ತಾ #ಕೆಜಿಬೇಡ #ಮುಂದಿನಸಾಲಲ್ಲಿನಿಲ್ಲಿ